ಮೊದಲು ಅಪ್ಪನ ಹಲ್ಲು

ಹೊಸ ಹಲ್ಲು ಬಂದ ಮೇಲೆ ಸೋಫಾ ಮೇಸ್ತ್ರಿ ಅದರಲ್ಲಿ ಜಗಿದದ್ದಕ್ಕಿಂತ ಅದನ್ನು ತೋರಿಸಿದ್ದೇ ಹೆಚ್ಚು. ಹಾಲಿನವನು ಬಂದರೂ ಬಾಯಿ ತೆರೆಯುತ್ತಿದ್ದ, ಪಕ್ಕದ ಬೀಗದ ಅಂಗಡಿಯವನು ಬಂದರೂ ಬಾಯಿ ತೆರೆಯುತ್ತಿದ್ದ. ಮುಂದುಗಡೆ ಮೇಲೊಂದು, ಹಿಂದುಗಡೆ ಕೆಳಗೆರಡು, ಒಟ್ಟು ಮೂರು ಹಲ್ಲು. ದವಡೆಯ ಮೂಳೆಗೇ ಸ್ಕ್ರೂ ಕೂರಿಸಿ ಅದರ ಮೇಲೆ ಕ್ಯಾಪು ತೊಡಿಸಿದ್ದು. "ಕಿತ್ತು ಲೋಟದಲ್ಲಿಡೋ ಸೆಟ್ಟಲ್ಲ ಇದು. ಇಂಪ್ಲಾಂಟು. ಸಾಯೋವರೆಗೂ ಬರುತ್ತೆ ಅಂತ ಡಾಕ್ಟ್ರೇ ಹೇಳಿದ್ದಾರೆ" ಎಂದು ಸಾರಿಕೊಂಡು ತಿರುಗಿದ.

ಡಾಕ್ಟರಮ್ಮ ಹೇಳಿದ್ದು ಅಷ್ಟೇ ಅಲ್ಲ. ಅವತ್ತು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಅವನ ಹೆಂಡತಿಗೆ ಎಲ್ಲವೂ ನೆನಪಿತ್ತು. "ಚೆನ್ನಾಗಿ ನೋಡ್ಕೊಂಡ್ರೆ ಒಳಗಿನ ಸ್ಕ್ರೂ ಇಪ್ಪತ್ತು ವರ್ಷ ದಾಟುತ್ತೆ, ಕೆಲವರಿಗೆ ಜೀವ ಇರೋವರೆಗೂ ಇರುತ್ತೆ. ಮೇಲಿನ ಕ್ಯಾಪು ಹತ್ತು ಹದಿನೈದು ವರ್ಷಕ್ಕೆ ಬದಲಾಯಿಸಬೇಕಾಗಬಹುದು. ನೋಡ್ಕೊಳ್ಳದೇ ಹೋದ್ರೆ ಮಾತ್ರ ವರ್ಷ ತುಂಬೋದ್ರೊಳಗೇ ಕೈ ಕೊಡುತ್ತೆ" ಎಂದಿದ್ದರು. ಇಷ್ಟರಲ್ಲಿ ಮೇಸ್ತ್ರಿ ತನಗೆ ಬೇಕಾದ ಒಂದು ಮಾತನ್ನು ಆರಿಸಿಕೊಂಡು ಮನೆಗೆ ತಂದಿದ್ದ. ಉಳಿದದ್ದನ್ನು ಕ್ಲಿನಿಕ್ಕಿನ ಬಾಗಿಲಲ್ಲೇ ಬಿಟ್ಟುಬಂದಿದ್ದ.

ಹೆಂಡತಿಯನ್ನು ಬೀದಿಯವರು ಗುಂಡಿಯಮ್ಮ ಎನ್ನುತ್ತಿದ್ದರು. ದರ್ಜಿ ಅಂಗಡಿಗಳಿಂದ ಅಂಗಿಗಳ ಕಟ್ಟು ತಂದು, ಕಾಜಾ ಹಾಕಿ, ಗುಂಡಿ ಹೊಲಿದು ಕೊಡುವುದು ಅವಳ ಕೆಲಸ. ಅವಳ ಬಾಯಲ್ಲೂ ಬಲಗಡೆ ಕೆಳಗೆ ಎರಡು ದವಡೆ ಹಲ್ಲು ಇರಲಿಲ್ಲ. ಅವು ಹೋಗಿ ಬಹಳ ವರ್ಷವಾಗಿತ್ತು. ಎಡಗಡೆಯಲ್ಲೇ ಜಗಿದು ಜಗಿದು ಈಗ ಎಡಗಡೆಯೂ ತಕರಾರು ತೆಗೆದಿತ್ತು. ಸ್ಕೂಲ್ ವ್ಯಾನ್ ಓಡಿಸುವ ಮಗ ಮೊದಲೇ ಹೇಳಿಬಿಟ್ಟಿದ್ದ: "ಅಮ್ಮ, ಇಬ್ಬರದ್ದೂ ಒಟ್ಟಿಗೆ ಆಗಲ್ಲ. ಮೊದಲು ಅಪ್ಪಂದು ಆಗ್ಲಿ. ರಜೆ ಮುಗಿದು ಶಾಲೆ ಶುರುವಾಗಿ ವ್ಯಾನಿನ ದುಡ್ಡು ಬಂದ ತಕ್ಷಣ ನಿಂದು."

ಅವಳು ಸರಿ ಎಂದಿದ್ದಳು. ಹಾಗಾಗಿ ಗಂಡನ ಬಾಯಲ್ಲಿದ್ದ ಹಲ್ಲು ಗಂಡನೊಬ್ಬನದೇ ಆಗಿರಲಿಲ್ಲ. ಅದು ಕೆಟ್ಟರೆ ಮನೆಮಂದಿಯೆಲ್ಲ ಮತ್ತೆ ಅದರ ಹಿಂದೆ ಓಡುತ್ತಾರೆ, ತನ್ನ ಸರದಿ ಇನ್ನೆಲ್ಲಿಗೋ ಹೋಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಆ ಮೂರು ಹಲ್ಲುಗಳ ಕಾವಲಿಗೆ ನಿಂತದ್ದು ಪತಿಭಕ್ತಿಯಿಂದಲ್ಲ.

"ರೀ, ಹಲ್ಲುಜ್ಜಿದ್ರಾ?" ಬೆಳಗಾದರೆ ಇದೇ ಅವಳ ಮೊದಲ ಮಾತಾಯಿತು.

"ಉಜ್ಜಿದೆ."

"ಬ್ರಷ್ ಒಣಗಿದೆಯಲ್ಲ."

"ಬೆಳಗ್ಗೆ ಎದ್ದು ನನ್ನ ಬ್ರಷ್ ಮುಟ್ಟಿ ನೋಡ್ತೀಯಾ ನೀನು? ಬೇರೆ ಕೆಲಸ ಇಲ್ವಾ?"

"ಬೇಕಾದಷ್ಟಿದೆ. ಒಸಡಿನ ಅಂಚಲ್ಲಿ ಮೆತ್ತಗೆ ಉಜ್ಜಬೇಕು ಅಂದಿದ್ರು. ಒಳಗಡೆಯಿಂದಲೂ ಉಜ್ಜಬೇಕು. ಮಲಗೋ ಮುಂಚೆ ಇನ್ನೊಂದು ಸಲ."

"ಲೇ, ಅದು ಲೋಹ. ಲೋಹಕ್ಕೆ ಎಲ್ಲಾದ್ರೂ ಹುಳುಕು ಹಿಡಿಯುತ್ತಾ?"

"ಲೋಹಕ್ಕೆ ಹಿಡಿಯಲ್ಲ. ಸುತ್ತ ಇರೋ ಒಸಡು ಕೆಡುತ್ತೆ, ಕೆಳಗಿನ ಮೂಳೆ ಕೆಡುತ್ತೆ. ಮರ ಕೊಳೆತರೆ ಮೊಳೆ ನಿಲ್ಲುತ್ತಾ?"

"ಮರದ ವಿಷಯ ನನಗೆ ಹೇಳಿಕೊಡೋಕೆ ಬಂದ್ಳು" ಎಂದು ಮೇಸ್ತ್ರಿ ಬಾಯಿ ಮುಕ್ಕಳಿಸಿ ಹೊರಟೇಬಿಟ್ಟ. ಕೋಣನ ಮುಂದೆ ಕಿನ್ನರಿ ಬಾರಿಸಿದರೂ ಕೋಣ ನಿಂತಾದರೂ ಕೇಳುತ್ತದೆ. ಇವನು ನಿಲ್ಲುತ್ತಲೂ ಇರಲಿಲ್ಲ.

ಸೊಸೆ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಅತ್ತೆಯ ಗೋಳು ಕೇಳಿ ಅವಳೇ ಒಂದು ಪ್ಯಾಕೆಟ್ ಪುಟ್ಟ ಬ್ರಷ್ ತಂದಳು. ಬಾಟಲಿ ತೊಳೆಯುವ ಬ್ರಷ್ಷನ್ನು ಬೆರಳುದ್ದಕ್ಕೆ ಕುಗ್ಗಿಸಿದಂತಿದ್ದವು ಅವು. "ಮಾವ, ಇದನ್ನ ಹಲ್ಲಿನ ಸಂದಿಗೆ ಹಾಕಿ ಹಿಂದೆ ಮುಂದೆ ಎಳೀಬೇಕು. ದಿನಾ ಒಂದು ಸಲ ಸಾಕು" ಎಂದು ಕನ್ನಡಿಯ ಮುಂದೆ ನಿಲ್ಲಿಸಿ ತೋರಿಸಿಕೊಟ್ಟಳು. ಮೇಸ್ತ್ರಿ ಬ್ರಷ್ಷನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. "ಒಳ್ಳೇ ಸಾಮಾನು ಕಣಮ್ಮ" ಎಂದ. ಗುಂಡಿಯಮ್ಮನಿಗೆ ಅವತ್ತು ರಾತ್ರಿ ಊಟ ಸೇರಿತು.

ಆ ವಾರ ಪ್ಯಾಕೆಟ್ಟು ದಿನದಿಂದ ದಿನಕ್ಕೆ ಕರಗುತ್ತಾ ಬಂತು. ಪರವಾಗಿಲ್ಲ, ಬುದ್ಧಿ ಬಂತು ಎಂದುಕೊಂಡಳು. ಒಂದು ಮಧ್ಯಾಹ್ನ ಮೇಸ್ತ್ರಿ ಊಟದ ಡಬ್ಬಿ ಮರೆತು ಹೋಗಿದ್ದ. ಅದನ್ನು ಕೊಡಲು ಅವನ ಸೋಫಾ ರಿಪೇರಿ ಅಂಗಡಿಗೆ ಹೋದಳು. ಸ್ಪಂಜಿನ ಚೂರು, ತೆಂಗಿನ ನಾರು, ಹಳೇ ಸ್ಪ್ರಿಂಗುಗಳ ನಡುವೆ ಮೇಸ್ತ್ರಿ ಚಕ್ಕಳಮಕ್ಕಳ ಹಾಕಿ ಕೂತು, ಕೆತ್ತನೆ ಇರುವ ಕುರ್ಚಿಯ ಕಾಲೊಂದನ್ನು ತೊಡೆಯ ಮೇಲಿಟ್ಟುಕೊಂಡು, ಸೊಸೆ ತಂದ ಬ್ರಷ್ಷನ್ನು ಪಾಲಿಶ್ಶಿನಲ್ಲಿ ಅದ್ದಿ ಹೂವಿನ ಎಸಳುಗಳ ಸಂದಿಗೆ ಬಳಿಯುತ್ತಿದ್ದ.

"ಇದೇನ್ರೀ ಇದು?"

"ನೋಡು, ಎಷ್ಟು ಚೆನ್ನಾಗಿ ಸಂದಿಗೆ ಹೋಗುತ್ತೆ. ಇಷ್ಟು ವರ್ಷ ಬಟ್ಟೆ ಸುತ್ತಿದ ಕಡ್ಡಿ ಹಿಡ್ಕೊಂಡು ಒದ್ದಾಡಿದ್ದೇ ಬಂತು. ಇನ್ನೆರಡು ಪ್ಯಾಕೆಟ್ ತರೋಕೆ ಹೇಳು ಸೊಸೆಗೆ."

"ಅದು ನಿಮ್ಮ ಬಾಯಿಗೆ ತಂದಿದ್ದು."

"ಬಾಯಿಗೂ ಹಾಕ್ತೀನಿ ಬಿಡು" ಎಂದು ಬ್ರಷ್ ಕೆಳಗಿಟ್ಟು, ಪಕ್ಕದ ತಗಡಿನ ಡಬ್ಬದಿಂದ ಒಂದು ಹಿಡಿ ಸಣ್ಣ ಮೊಳೆ ತೆಗೆದು ಬಾಯಿಗೆ ಸುರಿದುಕೊಂಡ.

ಇದು ಅವನ ವೃತ್ತಿಯ ರೂಢಿ. ಒಂದು ಕೈಯಲ್ಲಿ ಬಟ್ಟೆ ಎಳೆದು ಹಿಡಿಯಬೇಕು, ಇನ್ನೊಂದರಲ್ಲಿ ಸುತ್ತಿಗೆ. ಮೊಳೆ ಕೊಡುವವರು ಯಾರು? ನಾಲಿಗೆಯೇ ಒಂದೊಂದನ್ನೂ ಹೊರಳಿಸಿ, ತಲೆ ಹೊರಗಡೆ ಬರುವಂತೆ ಮುಂದಿನ ಹಲ್ಲುಗಳ ನಡುವೆ ತಂದು ನಿಲ್ಲಿಸುತ್ತದೆ. ಅಲ್ಲಿಂದ ಬೆರಳಿಗೆ, ಬೆರಳಿನಿಂದ ಮರಕ್ಕೆ. "ಬಾಯಿ ನನಗೆ ಮೂರನೇ ಕೈ" ಎಂದು ಅವನು ಹೆಮ್ಮೆಪಡುತ್ತಿದ್ದ. ಅವನ ಹಳೆಯ ಹಲ್ಲು ಸವೆದು ಬಿರುಕುಬಿಟ್ಟದ್ದೇ ಇದರಿಂದ. ಡಾಕ್ಟರಮ್ಮ ಕೈ ಜೋಡಿಸಿ ಕೇಳಿಕೊಂಡಿದ್ದರು, ಮುಂದಿನ ಹೊಸ ಹಲ್ಲಿನಲ್ಲಿ ಗಟ್ಟಿ ವಸ್ತು ಕಚ್ಚಬೇಡಿ ಎಂದು.

"ಉಗುಳಿ ಅದನ್ನ" ಎಂದಳು ಗುಂಡಿಯಮ್ಮ.

"ಹ್ಮ್" ಎಂದ ಮೇಸ್ತ್ರಿ. ಬಾಯಿ ತುಂಬ ಮೊಳೆಯಿದ್ದವನ ಜೊತೆ ಜಗಳವಾಡಲೂ ಬರುವುದಿಲ್ಲ. ಊಟದ ಡಬ್ಬಿ ಇಟ್ಟು, ಕಣ್ಣಲ್ಲಿ ನೀರು ಬರುವಷ್ಟು ಸಿಟ್ಟು ಹೊತ್ತು ಮನೆಗೆ ಬಂದಳು. ಬಂದವಳು ಒಂದು ಅಂಗಿಗೆ ಗುಂಡಿಗಳನ್ನೆಲ್ಲ ಉಲ್ಟಾ ಕಡೆ ಹೊಲಿದು, ಮತ್ತೆ ಬಿಚ್ಚಿದಳು.

ರಜೆ ಅರ್ಧ ಕಳೆಯುವ ಹೊತ್ತಿಗೆ ತಪಾಸಣೆಯ ದಿನ ಬಂತು. ಸೊಸೆ ಅರ್ಧ ದಿನ ರಜೆ ಹಾಕಿ, ಮಾವನನ್ನು ಒಳಗೆ ಕರೆದೊಯ್ಯಲು ಕ್ಲಿನಿಕ್ಕಿನ ಬಾಗಿಲಲ್ಲಿ ಕಾದಳು. ಮಾವ ಬರಲಿಲ್ಲ. ಯಾವುದೋ ಹೋಟೆಲಿನ ಕುರ್ಚಿಗಳ ಕೆಲಸ ಬಂದಿತ್ತಂತೆ. ರಾತ್ರಿ ಊಟಕ್ಕೆ ಕೂತಾಗ ಸೊಸೆಯ ಮುಖ ಊದಿಕೊಂಡಿತ್ತು.

"ಫೋನಾದ್ರೂ ಎತ್ತಬಹುದಿತ್ತು ಮಾವ. ನಮ್ಮ ಓನರ್ ಹತ್ರ ನಾನು ಹಲ್ಲು ಕಿರಿದು ರಜೆ ಕೇಳಿದ್ದೆ."

"ನೋವಿಲ್ಲ ಏನಿಲ್ಲ, ಡಾಕ್ಟ್ರ ಹತ್ರ ಯಾಕಮ್ಮ ಹೋಗಬೇಕು? ಕುರ್ಚಿ ಮುರಿದ ಮೇಲೆ ತಾನೇ ನನ್ನ ಹತ್ರ ಬರೋದು ಜನ?"

"ಇಂಪ್ಲಾಂಟಿಗೆ ನರ ಇರಲ್ಲ ಮಾವ. ಅದು ಕೆಟ್ಟರೂ ಬೇಗ ನೋವಾಗಲ್ಲ. ಅದಕ್ಕೇ ಆರು ತಿಂಗಳಿಗೊಮ್ಮೆ ತೋರಿಸಬೇಕು ಅನ್ನೋದು."

ಮಗ ತಟ್ಟೆಯಿಂದ ತಲೆ ಎತ್ತಲಿಲ್ಲ. "ಬಿಡೇ, ಮುಂದಿನ ವಾರ ಹೋಗ್ತಾರೆ."

"ನೀವು ಕರ್ಕೊಂಡು ಹೋಗ್ತೀರಾ? ರಜೆ ತಾನೇ, ವ್ಯಾನು ಸುಮ್ನೆ ನಿಂತಿದೆ."

"ವ್ಯಾನಿಗೆ ಪೇಂಟ್ ಮಾಡಿಸಬೇಕು."

ಗುಂಡಿಯಮ್ಮ ಬೇಯಿಸಿದ ಜೋಳದ ತೆನೆಗಳನ್ನು ತಂದಿಟ್ಟಳು. ಮೇಸ್ತ್ರಿ ಒಂದನ್ನು ಎತ್ತಿ ಉದ್ದಕ್ಕೂ ಕಡಿದ. ಕಡಿದ ಜಾಗದಲ್ಲಿ ತೆಳ್ಳಗೆ ಕೆಂಪು ಕಾಣಿಸಿತು. ಅವನು ತೆನೆಯನ್ನು ತಟ್ಟನೆ ತಿರುಗಿಸಿಬಿಟ್ಟ. ಆದರೆ ಅವಳು ನೋಡಿಯಾಗಿತ್ತು.

"ರಕ್ತ."

"ತೆನೆ ಗಟ್ಟಿ ಇದೆ. ಇನ್ನೂ ಸ್ವಲ್ಪ ಬೇಯಿಸಬೇಕಿತ್ತು ನೀನು."

ಅವಳಿಗೆ ಮೈಯೆಲ್ಲ ಉರಿದುಹೋಯಿತು. "ಕಡಲೆ ಇದ್ದವರಿಗೆ ಹಲ್ಲಿಲ್ಲ, ಹಲ್ಲಿದ್ದವರಿಗೆ ಕಡಲೆ ಇಲ್ಲ ಅಂತ ಗಾದೆ. ನಿಮಗೆ ಎರಡೂ ಇದೆ, ಬುದ್ಧಿ ಒಂದು ಇಲ್ಲ" ಎಂದಳು. ಮಗ ನಕ್ಕ. ನಕ್ಕದ್ದು ಅವಳನ್ನು ಇನ್ನಷ್ಟು ಉರಿಸಿತು. "ನಗೋದಲ್ಲ ಕಣೋ. ಶಾಲೆ ಶುರುವಾಗಲಿ, ನನ್ನದು ಅಂದಿದ್ದೆ. ನೆನಪಿದೆ ತಾನೇ?"

"ಇದೆಯಮ್ಮ. ಯಾಕೆ ದಿನಾ ಕೇಳ್ತೀಯಾ?"

"ದಿನಾ ಮರೆತ ಹಾಗೆ ಕಾಣ್ತೀಯ, ಅದಕ್ಕೆ."

ಅದಾದ ಕೆಲವು ದಿನಕ್ಕೆ ಮೇಸ್ತ್ರಿಯ ಊಟ ಬದಲಾಯಿತು. ಸೇಬಿನ ಹೋಳು ತಟ್ಟೆಯಲ್ಲೇ ಉಳಿಯಿತು. ಬ್ರೆಡ್ಡನ್ನು ಹಾಲಲ್ಲಿ ನೆನೆಸಿ ನುಂಗತೊಡಗಿದ. ಮಾತಾಡುವಾಗ ಮೇಲ್ತುಟಿ ಅಲುಗದಂತೆ ಎಚ್ಚರ ವಹಿಸುತ್ತಿದ್ದ. ಹಾಲಿನವನಿಗೆ ಹಲ್ಲು ತೋರಿಸುವುದೂ ನಿಂತಿತ್ತು. ಅವಳು ಕೇಳಿದರೆ ತಲೆನೋವು ಎನ್ನುತ್ತಿದ್ದ, ಬಿಸಿಲು ಎನ್ನುತ್ತಿದ್ದ. ಆಮೇಲೆ ಒಂದು ಸಂಜೆ ಅಂಗಡಿಯಿಂದ ಬಂದವನು ಎಂದಿನಂತೆ ಬಾಯಿ ಅಗಲಿಸಿ ನಕ್ಕ, ತಾನೇ ಬುಟ್ಟಿಯಿಂದ ಸೇಬು ಎತ್ತಿಕೊಂಡ.

ಅವನು ಪಕ್ಕದಲ್ಲಿ ಕೂತಾಗ ಅವಳಿಗೆ ಒಂದು ವಾಸನೆ ಬಡಿಯಿತು. ಮೊದಲು ಅವನ ಅಂಗಿಯದು ಎಂದುಕೊಂಡಳು. ಅಂಗಿ ಬದಲಾಯಿಸಿ ಬಂದ ಮೇಲೂ ಹೋಗಲಿಲ್ಲ. ಅಂಗಡಿಯ ಮೂಲೆಯಲ್ಲಿ ಡಬ್ಬದಲ್ಲಿರುವ, ಕುರ್ಚಿಗೆ ರೆಕ್ಸಿನ್ ಅಂಟಿಸುವ ಹಳದಿ ಗಮ್ಮಿನ ವಾಸನೆ ಅದು. ಬರುತ್ತಿದ್ದದ್ದು ಅವನ ಬಾಯಿಂದ.

"ರೀ, ಬಾಯಿ ತೆಗೀರಿ."

"ಯಾಕೆ?"

"ತೆಗೀರಿ ಅಂದೆ."

ಮುಂದಿನ ಹಲ್ಲಿನ ಬುಡದಲ್ಲಿ, ಒಸಡಿಗೆ ಸೇರುವ ಕಡೆ, ಹಳದಿ ಪದರವೊಂದು ಒಣಗಿ ಕೂತಿತ್ತು. ಒಸಡು ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು.

"ಏನು ಮಾಡಿದ್ರಿ?"

"ಸ್ವಲ್ಪ ಅಲ್ಲಾಡ್ತಿತ್ತು. ಕ್ಯಾಪು ಕೈಗೇ ಬಂತು. ಎರಡೂ ಕಡೆ ಗಮ್ ಹಚ್ಚಿ, ಸ್ವಲ್ಪ ಆರೋಕೆ ಬಿಟ್ಟು, ಒತ್ತಿ ಹಿಡಿದೆ. ಈಗ ಅಲ್ಲಾಡಿಸು ನೋಡೋಣ. ಸೋಫಾ ಬಿಟ್ಟರೂ ಈ ಗಮ್ ಬಿಡಲ್ಲ." ಅವನ ದನಿಯಲ್ಲಿ ತಪ್ಪು ಮಾಡಿದ ಅಳುಕೇ ಇರಲಿಲ್ಲ. ಒಳ್ಳೆಯ ಕೆಲಸ ಮಾಡಿದವನ ಸಮಾಧಾನವಿತ್ತು. "ಸಂದಿಗೂ ತುಂಬಿದ್ದೀನಿ. ಇನ್ನು ಆ ಪುಟ್ಟ ಬ್ರಷ್ಷೇ ಬೇಕಾಗಿಲ್ಲ, ಏನೂ ಒಳಗೆ ಹೋಗೋಕೆ ಜಾಗ ಇಲ್ಲ."

ಗುಂಡಿಯಮ್ಮ ಗೋಡೆಗೆ ಒರಗಿದಳು. "ಅದು ಕುರ್ಚಿ ಅಲ್ಲ ಕಣ್ರೀ" ಎಂದಷ್ಟೇ ಹೇಳಿದಳು.

"ಸ್ಕ್ರೂ ಅಂದ್ರೆ ಸ್ಕ್ರೂನೇ. ಬಾಯಲ್ಲಿದ್ರೇನು, ಕುರ್ಚಿಯಲ್ಲಿದ್ರೇನು? ಕ್ಲಿನಿಕ್ಕಿಗೆ ಹೋಗಿದ್ರೆ ಮತ್ತೆ ದುಡ್ಡು ಕೀಳ್ತಿದ್ರು. ನಿನ್ನ ಸರದಿಗೇ ಅಡ್ಡ ಬರ್ತಿತ್ತು. ನಿನಗೋಸ್ಕರಾನೇ ಮಾಡಿದ್ದು ಅಂದ್ಕೋ."

ಈ ಕೊನೆಯ ಮಾತು ಅವಳಿಗೆ ಬಹಳ ನಾಟಿತು. ಅವನು ಸುಳ್ಳು ಹೇಳುತ್ತಿದ್ದರೆ ಬೈದು ಮುಗಿಸಬಹುದಿತ್ತು. ಅವನು ನಿಜವಾಗಿಯೂ ಹಾಗೆಯೇ ನಂಬಿದ್ದ.

ಮಗನಿಗೆ ಹೇಳಿದಳು. "ನಾಳೆ ನೋಡೋಣ" ಎಂದ. ಸೊಸೆಗೆ ಹೇಳಿದಳು. ಸೊಸೆ ಹೌಹಾರಿ ಕ್ಲಿನಿಕ್ಕಿಗೆ ಫೋನ್ ಮಾಡಿದಳು. ಡಾಕ್ಟರಮ್ಮ ಬೇರೆ ಊರಿಗೆ ಹೋಗಿದ್ದರು, ವಾರದ ಕೊನೆಗೆ ಬರುತ್ತಾರಂತೆ. ಬೇರೆ ಡಾಕ್ಟರ ಹತ್ತಿರ ಹೋಗೋಣವೆಂದರೆ ಮೇಸ್ತ್ರಿ ಒಪ್ಪಲಿಲ್ಲ. ಡಾಕ್ಟರಮ್ಮ ಬರುವುದರೊಳಗೆ ಅವನ ಮೇಲ್ತುಟಿ ಮೂಗಿನವರೆಗೆ ಊದಿಕೊಂಡು, ಒಂದು ಕಣ್ಣು ಅರ್ಧ ಮುಚ್ಚಿತು. ಹೋಟೆಲಿನವರು ಕುರ್ಚಿ ಒಯ್ಯಲು ಬಂದಾಗ ಅವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಲೆಕ್ಕ ಹೇಳಿದ. ಈಗ ಅವನೇ "ನಡಿ, ಹೋಗೋಣ" ಎಂದ.

ನಾಲ್ವರೂ ವ್ಯಾನಿನಲ್ಲಿ ಹೊರಟರು. ಹೊಸ ಪೇಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಮಕ್ಕಳು ಕೂರುವ ಚಿಕ್ಕ ಸೀಟಿನಲ್ಲಿ ಗುಂಡಿಯಮ್ಮ ಮೊಣಕಾಲು ಮಡಚಿ ಕೂತಿದ್ದಳು. ಶಾಲೆ ಶುರುವಾಗುವುದು ಮುಂದಿನ ಸೋಮವಾರ. ದಾರಿಯುದ್ದಕ್ಕೂ ಯಾರೂ ಆ ಮಾತೆತ್ತಲಿಲ್ಲ, ಅವಳೂ ಎತ್ತಲಿಲ್ಲ.

ಡಾಕ್ಟರಮ್ಮ ಮೇಸ್ತ್ರಿಯನ್ನು ಉದ್ದನೆಯ ಕುರ್ಚಿಯಲ್ಲಿ ಒರಗಿಸಿ, ದೀಪ ಹತ್ತಿರ ಎಳೆದು ಬಾಯೊಳಗೆ ಇಣುಕಿದರು. ಸಣ್ಣ ಚಿಮಟದಲ್ಲಿ ಒಂದು ಹಳದಿ ಚೂರು ಎತ್ತಿ ಮೂಸಿ ನೋಡಿದರು.

"ಇದೇನಿದು?"

ಮೇಸ್ತ್ರಿ ಸೂರು ನೋಡಿದ. "ರೆಕ್ಸಿನ್ ಗಮ್ಮು" ಎಂದಳು ಗುಂಡಿಯಮ್ಮ.

ಡಾಕ್ಟರಮ್ಮ ಆ ಚೂರನ್ನು ಬಟ್ಟಲಿಗೆ ಹಾಕಿದರು. ಆಮೇಲೆ ಎಕ್ಸ್-ರೇ ತೆಗೆದು, ಪರದೆಯ ಮೇಲೆ ತೋರಿಸುತ್ತಾ ಹೇಳಿದರು. "ಕ್ಯಾಪು ಸಡಿಲವಾದ ದಿನವೇ ಬಂದಿದ್ರೆ ಬರೀ ಬಿಗಿ ಮಾಡಿ ಕಳಿಸ್ತಿದ್ದೆ. ಹತ್ತು ನಿಮಿಷದ ಕೆಲಸ. ಈಗ ಗಮ್ಮು ಒಸಡಿನ ಒಳಗೆ ಇಳಿದು, ಕೀವಾಗಿ, ಸ್ಕ್ರೂ ಹಿಡ್ಕೊಂಡಿದ್ದ ಮೂಳೇನೇ ಹೋಗಿದೆ. ಇದು ಮೊದಲೇ ಶುರುವಾಗಿತ್ತು, ಉಜ್ಜದೆ ಕೊಳೆ ಕೂತಿತ್ತು. ಮುಂದಿನದನ್ನ ತೆಗೀಲೇಬೇಕು. ಹಿಂದಿನ ಎರಡು ಕ್ಲೀನ್ ಮಾಡ್ತೀನಿ, ಇನ್ನಾದ್ರೂ ನೋಡ್ಕೊಂಡ್ರೆ ಉಳಿಯುತ್ತೆ."

"ಸಾಯೋವರೆಗೂ ಅಂದಿದ್ರಿ" ಎಂದ ಮೇಸ್ತ್ರಿ, ಊದಿದ ತುಟಿಯಲ್ಲಿ.

"ನೋಡ್ಕೊಂಡ್ರೆ ಅಂದಿದ್ದೆ."

ಅಲ್ಲೇ ಮರಗಟ್ಟಿಸುವ ಸೂಜಿ ಕೊಟ್ಟು ಹಲ್ಲನ್ನು ತೆಗೆದರು. ಸ್ಕ್ರೂ ಹೊರಗೆ ಬಂದದ್ದು ಎಷ್ಟು ಸಲೀಸಾಗಿತ್ತೆಂದರೆ ಮೇಸ್ತ್ರಿಗೇ ನಾಚಿಕೆಯಾಯಿತು. ಬಾಯಿಗೆ ಹತ್ತಿ ತುರುಕಿಕೊಂಡು ಕುರ್ಚಿಯಿಂದ ಇಳಿದು ಮೂಲೆಯಲ್ಲಿ ನಿಂತ. ಮುಂದಿನ ಹಲ್ಲಿನ ಜಾಗದಲ್ಲಿ ಹತ್ತಿ ತುಂಬಿದ ಅಪ್ಪನ ಬಾಯಿಯನ್ನು ಮಗ ನೋಡಿದ. ಆಮೇಲೆ ತಾಯಿಯ ಕಡೆ ನೋಡದೆ ಡಾಕ್ಟರಮ್ಮನಿಗೆ ಹೇಳಿದ.

"ಮತ್ತೆ ಹಾಕೋಕೆ ಎಷ್ಟು ದಿನ ಬೇಕು ಮೇಡಂ? ಮುಂದಿನ ಹಲ್ಲು. ಅಪ್ಪ ಗಿರಾಕಿಗಳ ಜೊತೆ ಮಾತಾಡಬೇಕು. ಅಮ್ಮಂದು ಹೇಗೂ ಒಳಗಡೆ, ಯಾರಿಗೂ ಕಾಣಲ್ಲ. ಅಮ್ಮ, ನೀನು ಇನ್ನೊಂದು ಸ್ವಲ್ಪ ದಿನ..."

ಸೊಸೆ ಗಂಡನ ತೋಳು ಚಿವುಟಿದಳು. ಆದರೂ ಅವಳು ಬಾಯಿಬಿಟ್ಟು ಬೇಡ ಎನ್ನಲಿಲ್ಲ.

ಗುಂಡಿಯಮ್ಮ ಎದ್ದಳು. ಕೈಚೀಲವನ್ನು ಸೊಸೆಯ ಕೈಗೆ ಕೊಟ್ಟಳು. ಚಪ್ಪಲಿ ಬಿಟ್ಟು, ಖಾಲಿಯಾಗಿದ್ದ ಉದ್ದನೆಯ ಕುರ್ಚಿ ಹತ್ತಿ ಒರಗಿಕೊಂಡಳು. ಅಲ್ಲಿ ಇನ್ನೂ ಗಂಡನ ಮೈಯ ಬಿಸಿ ಇತ್ತು.

"ಅಮ್ಮ, ಏನು ಮಾಡ್ತಿದ್ದೀಯ?"

"ನೋಡಿ ಡಾಕ್ಟ್ರೇ" ಎಂದು ಅವಳು ಬಾಯಿ ತೆರೆದಳು.

ಡಾಕ್ಟರಮ್ಮ ಕೈಗೆ ಹೊಸ ಗ್ಲೌಸ್ ಹಾಕಿಕೊಂಡು, ಕನ್ನಡಿಯನ್ನು ಅವಳ ಬಾಯೊಳಗೆ ಇಳಿಸಿದರು. ಬಲಗಡೆ ಒತ್ತಿದರು, ಎಡಗಡೆ ತಟ್ಟಿದರು. ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

"ಇಲ್ಲಿ ಮೂಳೆ ಪೂರ್ತಿ ಸವೆದು ತೆಳ್ಳಗಾಗಿದೆ. ಹಲ್ಲು ಹೋದ ಮೇಲೆ ಖಾಲಿ ಬಿಟ್ರೆ ಮೂಳೆ ಕರಗ್ತಾ ಹೋಗುತ್ತೆ. ಮೊದಲೇ ಬಂದಿದ್ರೆ ಸುಲಭವಾಗಿತ್ತು, ಈಗ ಮೊದಲು ಮೂಳೆ ತುಂಬಿಸಬೇಕು, ಅದು ಕೂಡಿಕೊಳ್ಳೋವರೆಗೆ ಕಾಯಬೇಕು. ಈ ಕಡೆದೂ ಬಿರುಕು ಬಿಟ್ಟಿದೆ. ಇಷ್ಟು ವರ್ಷ ಯಾಕೆ ಹೀಗೇ ಬಿಟ್ರಿ?"

ಬಾಯಲ್ಲಿ ಕನ್ನಡಿ ಇದ್ದವಳು ಉತ್ತರ ಕೊಡುವ ಹಾಗಿರಲಿಲ್ಲ. ಕೊಡಬಹುದಾಗಿದ್ದ ಮೂವರು ಸುತ್ತ ನಿಂತಿದ್ದರು. ಮಗ ವ್ಯಾನಿನ ಕೀಲಿ ತಿರುಗಿಸುತ್ತಿದ್ದ, ಸೊಸೆ ನೆಲ ನೋಡುತ್ತಿದ್ದಳು, ಮೇಸ್ತ್ರಿ ಹತ್ತಿಯನ್ನು ಒತ್ತಿ ಹಿಡಿದಿದ್ದ. ಡಾಕ್ಟರಮ್ಮ ಕನ್ನಡಿ ಹೊರತೆಗೆದರು.

"ನಮ್ಮನೇಲಿ ಎಲ್ಲರ ಹೊಟ್ಟೆ ತುಂಬಿದ ಮೇಲೆ ನಾನು ಊಟಕ್ಕೆ ಕೂರೋದು, ಡಾಕ್ಟ್ರೇ" ಎಂದಳು ಗುಂಡಿಯಮ್ಮ. "ಹಲ್ಲಿಗೂ ಅದೇ ಪದ್ಧತಿ ಇಟ್ಕೊಂಡ್ರು. ನಾನೂ ಸರಿ ಅಂದೆ."

ಮಗ ಕೀಲಿ ತಿರುಗಿಸುವುದನ್ನು ನಿಲ್ಲಿಸಿದ. "ಇಬ್ಬರದ್ದೂ ಮಾಡಿಸೋಣ ಅಮ್ಮ. ಹೇಗಾದ್ರೂ ಹೊಂದಿಸ್ತೀನಿ" ಎಂದ.

"ಇಬ್ಬರದ್ದು ಅಂತ ಶುರು ಮಾಡಿದ್ರೆ ಅದು ನಿಮ್ಮಪ್ಪಂದೇ ಆಗೋದು. ನನ್ನದು ಮಾಡು ಮೊದಲು."

"ನನ್ನದು?" ಎಂದ ಮೇಸ್ತ್ರಿ, ಹತ್ತಿಯ ನಡುವಿನಿಂದ.

ಅವಳು ಅವನ ಕಡೆ ತಿರುಗಲಿಲ್ಲ.

ಡಾಕ್ಟರಮ್ಮ ಗೋಡೆಯ ಕ್ಯಾಲೆಂಡರ್ ನೋಡಿದರು. "ಸರಿಯಮ್ಮ. ಇವತ್ತು ತುಂಬ ಹೊತ್ತಾಗಿದೆ. ಮುಂದಿನ ವಾರ ಒಂದು ದಿನ ಬನ್ನಿ, ಶುರು ಮಾಡೋಣ."

"ಇಲ್ಲ ಡಾಕ್ಟ್ರೇ. ಎಕ್ಸ್-ರೇ ಆದ್ರೂ ತೆಗೀರಿ, ಬಿರುಕು ಬಿಟ್ಟಿದ್ದನ್ನಾದ್ರೂ ಮುಚ್ಚಿ, ಏನಾದ್ರೂ ಒಂದು ಇವತ್ತೇ ಮಾಡಿ" ಎಂದಳು ಗುಂಡಿಯಮ್ಮ, ಕುರ್ಚಿಯ ಎರಡೂ ಕೈಗಳನ್ನು ಹಿಡಿದುಕೊಂಡು. "ನಾನು ಇಲ್ಲಿಂದ ಎದ್ರೆ ಇವರಲ್ಲಿ ಯಾರಾದ್ರೂ ಒಬ್ಬರು ಬಂದು ಕೂತ್ಬಿಡ್ತಾರೆ."

ಡಾಕ್ಟರಮ್ಮ ದೀಪವನ್ನು ಮತ್ತೆ ಕೆಳಗೆ ಎಳೆದರು.